ಮೇಯಿಸಿ ಸಾಕೋ ಮೇಕೆಗೆ ಯಾವ ತಳಿ? ದುಬಾರಿ ಹೋತ ತರೋ ಮುಂಚೆ ಈ ಲೆಕ್ಕ ಹಾಕಿ



ಹೋದ ವಾರ ಕುಣಿಗಲ್ ಕಡೆಯಿಂದ ನನ್ನ ಸೋದರಮಾವನ ಮಗ ಫೋನ್ ಮಾಡಿದ್ದ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಒಂದು ವರ್ಷ ಆಗಿದೆ. ಎರಡೂವರೆ ಎಕರೆ ಜಮೀನು, ಅರ್ಧ ತೆಂಗು, ಅರ್ಧ ರಾಗಿ. ಊರ ಪಕ್ಕದಲ್ಲೇ ಕೆರೆ ಅಂಗಳ, ಒಂದಿಷ್ಟು ಗೋಮಾಳ.

"ಭಾವ, ಒಂದು ಬೋಯರ್ ಹೋತ ನೋಡಿದೀನಿ, ವಿಡಿಯೋ ಕಳಿಸ್ತೀನಿ ನೋಡು. ಎಂಬತ್ತು ಸಾವಿರ ಹೇಳ್ತಿದಾರೆ. ನಾಟಿ ಮೇಕೆಗೆ ಬಿಟ್ರೆ ಮರಿ ಆರೇ ತಿಂಗಳಿಗೆ ಮೂವತ್ತು ಕೆಜಿ ಬರುತ್ತಂತೆ" ಅಂದ.

"ಮೇವಿಗೆ ಏನು ಮಾಡ್ತೀಯ?" ಅಂತ ಕೇಳಿದೆ.

"ಮೇಯಿಸ್ಕೊಂಡು ಬರ್ತೀವಿ ಭಾವ, ಅಪ್ಪ ಇದಾರಲ್ಲ" ಅಂದ.

ಈ ಲೇಖನ ಬರೀಬೇಕು ಅನ್ನಿಸಿದ್ದು ಅಲ್ಲೇ. ಯಾಕಂದ್ರೆ ಕೆಲವು ವರ್ಷದ ಹಿಂದೆ ಗುಬ್ಬಿ ತಾಲ್ಲೂಕಿನ ನಮ್ಮೂರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಆ ವರ್ಷದ ಅಡಿಕೆ ದುಡ್ಡು ಪೂರ್ತಿ ಒಂದು ಹೋತಕ್ಕೂ, "75 ಪರ್ಸೆಂಟ್" ಅಂತ ಹೇಳಿ ಮಾರಿದ ಆರು ಹೆಣ್ಣು ಮೇಕೆಗೂ ಹೋಯ್ತು. ಮೊದಲ ಬ್ಯಾಚಿನ ಮರಿಗಳು ಚೆನ್ನಾಗಿಯೇ ಬಂದವು. ಆ ಧೈರ್ಯದ ಮೇಲೆ ಅಪ್ಪನ ಕಾಲದಿಂದ ಇದ್ದ ನಾಟಿ ಮೇಕೆಗಳನ್ನ ಮಾರಿಬಿಟ್ಟೆ. ಎರಡನೇ ವರ್ಷ ಬೇಸಿಗೆಯಲ್ಲಿ ದೊಡ್ಡ ಮೈಯ ಮೇಕೆಗಳು ಸೊರಗಿದವು, ಸರಿಯಾಗಿ ಬೆದೆಗೇ ಬರಲಿಲ್ಲ. ಸೆಪ್ಟೆಂಬರ್ ಮಳೆಯಲ್ಲಿ ಹುಳು ಹತ್ತಿ, ಗೊರಸು ಕೊಳೆತು, ಹೋತ ಮಲಗಿದಲ್ಲಿಂದ ಏಳಲಿಲ್ಲ. ತಪ್ಪು ತಳಿಯದ್ದಲ್ಲ, ನನ್ನದು. ಕೊಟ್ಟಿಗೆಯಲ್ಲಿ ಕೂರಿಸಿ ತಿನ್ನಿಸೋ ಪ್ರಾಣಿಯನ್ನ ದಿನಕ್ಕೆ ಮೂರು ನಾಲ್ಕು ಕಿಲೋಮೀಟರ್ ನಡೆಸಿ ಮೇಯಿಸೋಕೆ ಹೋಗಿದ್ದೆ.

ಮೊದಲು ಮೇವು ನೋಡಿ, ಆಮೇಲೆ ತಳಿ

ಹಸುವಿನಲ್ಲಿ ನಾವು ಎಚ್‌ಎಫ್ ಸೆಮೆನ್ ಹಾಕಿಸಿ ಹಾಲು ಹೆಚ್ಚು ಮಾಡಿಕೊಂಡಿದೀವಿ. ಅದೇ ಬುದ್ಧಿ ಮೇಕೆಗೂ ಓಡುತ್ತೆ. ಆದರೆ ಕ್ರಾಸ್ ಹಸು ಕಟ್ಟಿದ ಜಾಗದಲ್ಲೇ ಇರುತ್ತೆ. ಹಸಿ ಮೇವು, ಹಿಂಡಿ, ನೀರು ಎಲ್ಲ ಅದರ ಮುಂದಕ್ಕೇ ಬರುತ್ತೆ. ಮೇಯೋ ಮೇಕೆ ತನ್ನ ಊಟ ತಾನೇ ಹುಡುಕಬೇಕು. ಬಿಸಿಲಲ್ಲಿ ನಡೀಬೇಕು, ಬೇಲಿ ಸೊಪ್ಪಿಗೆ ಎರಡು ಕಾಲಲ್ಲಿ ನಿಲ್ಲಬೇಕು, ಏಪ್ರಿಲ್‌ನಲ್ಲಿ ಒಣಗಿದ ಜಾಲಿಕಾಯಿ ತಿಂದೂ ಮೈ ಉಳಿಸಿಕೊಳ್ಳಬೇಕು.

ಮೇಕೆ ದಿನಕ್ಕೆ ತನ್ನ ತೂಕದ ಸುಮಾರು 3ರಿಂದ 4 ಪರ್ಸೆಂಟ್ ಒಣ ಮೇವು ತಿನ್ನುತ್ತೆ. ಅಂದ್ರೆ 30 ಕೆಜಿ ಮೇಕೆಗೆ ಒಂದು ಕೆಜಿ ಆಸುಪಾಸು, 50 ಕೆಜಿ ಮೇಕೆಗೆ ಒಂದೂಮುಕ್ಕಾಲು ಕೆಜಿ. ಇದು ಒಣಗಿಸಿದ ಲೆಕ್ಕ. ಹಸಿ ಸೊಪ್ಪಲ್ಲಿ ಹೇಳೋದಾದ್ರೆ ಇದರ ಮೂರು ನಾಲ್ಕು ಪಟ್ಟು. ಮಳೆಗಾಲದಲ್ಲಿ ಅಷ್ಟು ಸಿಗುತ್ತೆ. ಮಾರ್ಚಿಯಿಂದ ಮೇವರೆಗೆ ಸಿಗುತ್ತಾ? ನಿಮ್ಮೂರ ಸುತ್ತ ಒಂದು ದಿನ ಸುಮ್ಮನೆ ನಡೆದು ನೋಡಿ.

ಮೇಯೋ ಜಾಗವೂ ಕಡಿಮೆ ಆಗ್ತಿದೆ. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಬಂತು, 2023ರ ಫೆಬ್ರುವರಿ 6ರಂದು ಉದ್ಘಾಟನೆ ಆಯ್ತು. ತುಮಕೂರು ಪಕ್ಕ ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶ ಬೆಳೀತಿದೆ. ಕೆಲಸ ಬಂತು, ಒಳ್ಳೆಯದೇ. ಆದರೆ ಕಾವಲು, ಗೋಮಾಳ ಮೊದಲಿನ ಹಾಗೇ ಇರುತ್ತೆ ಅಂತ ನಂಬಿ ದೊಡ್ಡ ಹಿಂಡು ಕಟ್ಟಬೇಡಿ. ಜೊತೆಗೆ ಸುತ್ತ ಅಡಿಕೆ, ತೆಂಗಿನ ತೋಟ. ಮೇಕೆ ಒಂದು ಸಲ ತೋಟಕ್ಕೆ ನುಗ್ಗಿದ್ರೆ ಊರಲ್ಲಿ ಜಗಳ ಗ್ಯಾರಂಟಿ.

ಅದಕ್ಕೇ ಬದು ಮೇಲೆ, ಬೇಲಿ ಸಾಲಲ್ಲಿ ಅಗಸೆ, ನುಗ್ಗೆ, ಸುಬಾಬುಲ್ ಹಾಕಿ. ತೆಂಗಿನ ನೆರಳಲ್ಲಿ ಗಿನಿ ಹುಲ್ಲು, ಹೆಡ್ಜ್ ಲೂಸರ್ನ್ ಬರುತ್ತೆ. ಅವರೆ, ಹುರುಳಿ, ತೊಗರಿ ಹೊಟ್ಟನ್ನ ಮಾರಬೇಡಿ, ಬೇಸಿಗೆಗೆ ಇಟ್ಟುಕೊಳ್ಳಿ. ಇಷ್ಟು ಮಾಡಿದ ಮೇಲೆ ತಳಿಯ ಮಾತು.

ನಮ್ಮ ನೆಲದ್ದೇ ಒಂದು ತಳಿ ಇದೆ

"ನಾಟಿ ಮೇಕೆ" ಅಂತ ನಾವು ಕಡೆಗಣಿಸೋ ಬಿಳಿ ಮೇಕೆಗೆ ಒಂದು ಹೆಸರಿದೆ: ನಂದಿದುರ್ಗ. ಕರ್ನಾಲ್‌ನಲ್ಲಿರೋ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಇದನ್ನ ಪ್ರತ್ಯೇಕ ತಳಿ ಅಂತ ನೋಂದಾಯಿಸಿದೆ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ಚಿತ್ರದುರ್ಗ, ರಾಮನಗರ ಕಡೆಯೆಲ್ಲ ಇದರ ನೆಲೆ. ನಮ್ಮ ರಾಜ್ಯದ ಇನ್ನೊಂದು ನೋಂದಾಯಿತ ಮೇಕೆ ಬೀದರ್ ಕಡೆಯ ಬಿದ್ರಿ, ಅದು ಕಪ್ಪು.

ನಂದಿದುರ್ಗ ಹೆಚ್ಚಾಗಿ ಬಿಳಿ ಬಣ್ಣ, ಜೋಲು ಕಿವಿ, ಮಾಂಸಕ್ಕಾಗಿಯೇ ಸಾಕೋ ಮೇಕೆ. ತಲೆತಲಾಂತರದಿಂದ ನಮ್ಮ ಬಿಸಿಲು, ನಮ್ಮ ಜಾಲಿ, ನಮ್ಮ ಹುಳು ಎಲ್ಲಕ್ಕೂ ಒಗ್ಗಿದೆ. ಆದರೆ ಊರಲ್ಲಿರೋ ಬಿಳಿ ಮೇಕೆಯೆಲ್ಲ ಒಳ್ಳೇ ನಂದಿದುರ್ಗ ಅಲ್ಲ. ಚೆನ್ನಾಗಿ ಬೆಳೆದ ಹೋತಮರಿಯನ್ನ ಮೊದಲು ಮಾರ್ತೀವಿ, ಯಾಕಂದ್ರೆ ಅದಕ್ಕೇ ರೇಟು. ಮಾರಾಟ ಆಗದೆ ಉಳಿದ ಸಣಕಲು ಹೋತವೇ ಹಿಂಡಿನಲ್ಲಿ ಬೀಜದ ಹೋತ ಆಗುತ್ತೆ. ಹತ್ತಾರು ವರ್ಷ ಹೀಗೇ ಮಾಡಿ, ಆಮೇಲೆ "ನಾಟಿ ಬೆಳೆಯಲ್ಲ" ಅಂತೀವಿ. ಬೆಳೆಯೋದನ್ನೆಲ್ಲ ಮಾರಿದ್ದು ನಾವೇ.

ಲೆಕ್ಕ: ಒಂದು ಮೇಕೆ ವರ್ಷಕ್ಕೆ ಎಷ್ಟು ಕೆಜಿ ಮರಿ ಕೊಡ್ತು?

ವಿಡಿಯೋದಲ್ಲಿ ತೋರಿಸೋದು ಒಂದು ಮರಿಯ ತೂಕ. ನಮಗೆ ದುಡ್ಡು ಬರೋದು ಬೇರೆ ಲೆಕ್ಕದಿಂದ: ಎಷ್ಟು ಸಲ ಈಯ್ತು, ಎಷ್ಟು ಮರಿ ಬದುಕಿತು, ಮಾರುವಾಗ ಎಷ್ಟು ತೂಗಿತು. ಲೆಕ್ಕದ ರೀತಿ ತೋರಿಸೋಕೆ ಒಂದು ಉದಾಹರಣೆ ಹೇಳ್ತೀನಿ. ಅಂಕಿ ನಿಮ್ಮ ಹಿಂಡಿಗೆ ತಕ್ಕ ಹಾಗೆ ಹಾಕಿಕೊಳ್ಳಿ.

- 30 ಕೆಜಿಯ ನಾಟಿ ಮೇಕೆ, ಎರಡು ವರ್ಷದಲ್ಲಿ 3 ಸೂಲು, ಬದುಕಿದ ಮರಿ 4, ತಲಾ 18 ಕೆಜಿಗೆ ಮಾರಾಟ. ಒಟ್ಟು 72 ಕೆಜಿ, ವರ್ಷಕ್ಕೆ 36.
- 50 ಕೆಜಿಯ ಕ್ರಾಸ್ ಮೇಕೆ, ಬರೀ ಮೇವಿನ ಮೇಲೆ ಎರಡು ವರ್ಷದಲ್ಲಿ 2 ಸೂಲು, ಬದುಕಿದ ಮರಿ 2, ತಲಾ 25 ಕೆಜಿ. ಒಟ್ಟು 50 ಕೆಜಿ, ವರ್ಷಕ್ಕೆ 25.
- ಅದೇ 30 ಕೆಜಿಯ ನಾಟಿ ಮೇಕೆಗೆ ಒಳ್ಳೇ ದೊಡ್ಡ ತಳಿಯ ಹೋತ ಬಿಟ್ಟು, 4 ಮರಿ ಬದುಕಿ, ತಲಾ 22 ಕೆಜಿ ಬಂದ್ರೆ 88 ಕೆಜಿ, ವರ್ಷಕ್ಕೆ 44.

ಎರಡನೇ ಮೇಕೆಯ ಮರಿ ದೊಡ್ಡದು, ನೋಡೋಕೂ ಚೆಂದ. ಆದರೆ ಅದರ ತಾಯಿ ಒಂದೂವರೆ ಪಟ್ಟು ಹೆಚ್ಚು ತಿಂದು ಕಡಿಮೆ ಕೊಟ್ಟಿದೆ. ಮೂರನೇ ಸಾಲೇ ಇವತ್ತಿನ ಪಾಠ: ತಾಯಿ ನಮ್ಮ ನೆಲದ್ದೇ ಇರಲಿ, ದೊಡ್ಡ ಮೈ ಬೇಕಿದ್ರೆ ಅದು ಅಪ್ಪನ ಕಡೆಯಿಂದ ಬರಲಿ, ಆ ಮರಿ ಮಾರಾಟಕ್ಕೇ ಹೋಗಲಿ.

ಇದು ಬರೀ ನಮ್ಮ ಹಳ್ಳಿಯ ಅನುಭವ ಅಲ್ಲ. ಅಮೆರಿಕದ ಟೆನೆಸಿ ಸ್ಟೇಟ್ ವಿಶ್ವವಿದ್ಯಾಲಯದವರು ಬೋಯರ್, ಕಿಕೊ, ಸ್ಪ್ಯಾನಿಷ್ ಹೆಣ್ಣು ಮೇಕೆಗಳನ್ನ ಒಟ್ಟಿಗೆ ಮೇಯಿಸಿ ವರ್ಷಗಟ್ಟಲೆ ಹೋಲಿಸಿ ನೋಡಿದ್ರು. ತೇವದ ಹವೆಯ ಆ ಹುಲ್ಲುಗಾವಲಲ್ಲಿ ಹುಳು, ಗೊರಸಿನ ತೊಂದರೆ, ಮರಿ ಉಳಿಸೋದು ಎಲ್ಲದರಲ್ಲೂ ಬೋಯರ್ ಹೆಣ್ಣು ಹಿಂದೆ ಬಿತ್ತು. ಕಿಕೊ ಅನ್ನೋದು ನ್ಯೂಜಿಲೆಂಡ್‌ನಲ್ಲಿ ಕಾಡುಬಿದ್ದ ಮೇಕೆಗಳಿಂದ, ಆರೈಕೆ ಇಲ್ಲದೆಯೂ ಬದುಕಿ ಬೆಳೆದವನ್ನೇ ಆರಿಸಿ ಮಾಡಿದ ತಳಿ. ಆರಿಸೋ ರೀತಿಯೇ ತಳಿಯನ್ನ ಮಾಡುತ್ತೆ.

ಹೆಣ್ಣು ಮೇಕೆ ಆರಿಸುವಾಗ

ಸಂತೆಯಲ್ಲಿ ಒಳ್ಳೇ ಹೆಣ್ಣು ಮೇಕೆ ಸಿಗೋದು ಕಷ್ಟ. ಎರಡು ಮರಿ ಹಾಕಿ ಎರಡನ್ನೂ ಸಾಕೋ ಮೇಕೆಯನ್ನ ಯಾರಾದ್ರೂ ಸುಮ್ಮನೆ ಮಾರ್ತಾರಾ? ಅಕ್ಕಿರಾಂಪುರದಂಥ ದೊಡ್ಡ ಕುರಿ ಮೇಕೆ ಸಂತೆಗೆ ಹೋಗಿ ರೇಟು ತಿಳಿದುಕೊಳ್ಳಿ. ಆದರೆ ತಾಯಿ ಮೇಕೆಯನ್ನ ಮೇಯಿಸೋರ ಮನೆಗೇ ಹೋಗಿ, ಸಂಜೆ ಹಿಂಡು ರೊಪ್ಪಕ್ಕೆ ಬರೋ ಹೊತ್ತಲ್ಲಿ ನೋಡಿ ತನ್ನಿ. ಯಾವುದು ಹೊಟ್ಟೆ ತುಂಬಿಸಿಕೊಂಡು ಬಂತು, ಯಾವುದು ಕುಂಟುತ್ತೆ, ಯಾವ ಮರಿ ಯಾವ ತಾಯಿ ಹತ್ರ ಓಡುತ್ತೆ, ಎಲ್ಲ ಆಗ ಕಾಣುತ್ತೆ.

ನೋಡಬೇಕಾದ್ದು:

1. ಹಲ್ಲು. ಕೆಳದವಡೆಯ ಮುಂದಿನ ಎಂಟು ಹಲ್ಲು ನೋಡಿ. ಎರಡು ದೊಡ್ಡ ಹಲ್ಲು ಬಂದಿದ್ರೆ ವಯಸ್ಸು ಒಂದು, ಒಂದೂಕಾಲು ವರ್ಷ. ನಾಲ್ಕು ಇದ್ರೆ ಸುಮಾರು ಎರಡು, ಆರು ಇದ್ರೆ ಮೂರು, ಎಂಟೂ ಬಂದು ಬಾಯಿಗೂಡಿದ್ರೆ ನಾಲ್ಕರ ಹತ್ರ. ಎರಡರಿಂದ ನಾಲ್ಕು ಹಲ್ಲಿನವು ಒಳ್ಳೆಯದು.
2. ಕೆಚ್ಚಲು. ಎರಡೇ ಮೊಲೆ, ಮರಿ ಬಾಯಿಗೆ ಹಿಡಿಸೋ ಅಳತೆ. ಕೈಯಲ್ಲಿ ಹಿಸುಕಿ ನೋಡಿ, ಗಂಟು ಇರಬಾರದು. ನೆಲಕ್ಕೆ ಜೋತಾಡೋ ಕೆಚ್ಚಲು ಮುಳ್ಳಿಗೆ ಸಿಕ್ಕಿ ಹರಿಯುತ್ತೆ.
3. ಬಾಯಿ, ಕಾಲು. ಕೆಳಹಲ್ಲು ಮೇಲಿನ ವಸಡಿಗೆ ಸರಿಯಾಗಿ ಕೂರಬೇಕು. ಗಿಣಿಮೂತಿ ಇದ್ರೆ ನೆಲದ ಹುಲ್ಲು ಕಚ್ಚೋಕೆ ಆಗಲ್ಲ. ಗೊರಸು ಬಿಗಿಯಾಗಿರಲಿ, ನಡಿಗೆ ನೆಟ್ಟಗಿರಲಿ.
4. ಕಣ್ಣಿನ ಒಳರೆಪ್ಪೆ. ಕೆಳರೆಪ್ಪೆ ಎಳೆದು ನೋಡಿ. ಕೆಂಪಗಿದ್ರೆ ಸರಿ, ಬಿಳಚಿಕೊಂಡಿದ್ರೆ ರಕ್ತ ಹೀರೋ ಹುಳು ಇರಬಹುದು. ಒಂದೇ ಹಿಂಡಲ್ಲಿ, ಒಂದೇ ಮೇವಲ್ಲಿ ಕೆಲವು ಮೇಕೆಗೆ ಮತ್ತೆ ಮತ್ತೆ ಹುಳದ ಔಷಧಿ ಬೇಕಾಗುತ್ತೆ, ಕೆಲವಕ್ಕೆ ಬೇಕೇ ಆಗಲ್ಲ. ಬೇಡದ ಮೇಕೆಯ ಹೆಣ್ಣು ಮರಿ ಉಳಿಸಿ. ಪದೇ ಪದೇ ಬೇಕಾಗೋದನ್ನ ಮಾರಿ.
5. ಹಿಂದಿನ ಚರಿತ್ರೆ. ಅವಳಿ ಹಾಕಿದೆಯಾ, ಎರಡೂ ಬದುಕಿದವಾ, ಕಂದು ಹಾಕಿದ್ದುಂಟಾ? ಮರಿ ಕಂದು ಹಾಕಿದ ಹಿಂಡಿನಿಂದ ತರೋ ಮುಂಚೆ ಬ್ರುಸೆಲ್ಲಾ ರಕ್ತಪರೀಕ್ಷೆ ಮಾಡಿಸಿ. ಅದು ಮನುಷ್ಯರಿಗೂ ಅಂಟೋ ರೋಗ.

ತಂದ ಮೇಕೆಯನ್ನ ಮೂರು ನಾಲ್ಕು ವಾರ ಬೇರೆ ಕಡೆ ಕಟ್ಟಿ. ಪಿಪಿಆರ್ ಲಸಿಕೆ, ಮಳೆಗೆ ಮುಂಚೆ ಕರುಳುಬೇನೆ ಲಸಿಕೆ ತಪ್ಪಿಸಬೇಡಿ.

ಹೋತ: ಅರ್ಧ ಹಿಂಡು ಅವನೇ

25 ಮೇಕೆಗೆ ಒಂದು ಹೋತ ಬಿಟ್ರೆ, ಹುಟ್ಟೋ ಪ್ರತಿ ಮರಿಯಲ್ಲೂ ಅರ್ಧ ಗುಣ ಅವನದ್ದೇ. ಒಂದು ಹೆಣ್ಣು ಮೇಕೆ ಆರಿಸೋದ್ರಲ್ಲಿ ತಪ್ಪಿದ್ರೆ ಒಂದೆರಡು ಮರಿಗೆ ನಷ್ಟ. ಹೋತದಲ್ಲಿ ತಪ್ಪಿದ್ರೆ ಇಡೀ ವರ್ಷಕ್ಕೆ ನಷ್ಟ. ಹಾಗಾಗಿ ದುಡ್ಡು ಹಾಕೋದಾದ್ರೆ ಹೋತಕ್ಕೇ ಹಾಕಿ. ಆದರೆ ಹೆಸರಿಗೆ ಹಾಕಬೇಡಿ, ಗುಣಕ್ಕೆ ಹಾಕಿ.

ಬೀಜದ ಹೋತ ಅವಳಿಯಲ್ಲಿ ಹುಟ್ಟಿದ್ದಿರಲಿ. ಅವನ ತಾಯಿಯನ್ನ, ಸಾಧ್ಯ ಆದ್ರೆ ಅವನ ಅಕ್ಕ ತಂಗಿಯರನ್ನೂ ನೋಡಿ. ಎರಡು ಬೀಜವೂ ಕೆಳಗಿಳಿದು ಒಂದೇ ಸಮ, ಗಟ್ಟಿಯಾಗಿ ಇರಬೇಕು. ಎದೆ ಅಗಲ, ಬೆನ್ನು ಉದ್ದ, ಹಿಂಗಾಲು ಬಲ ಇರಲಿ. ಮೇಯ್ದು ಬೆಳೆದ ಹೋತವೇ ಬೇಕು. ಹಿಂಡಿ ತಿನ್ನಿಸಿ ಕೊಬ್ಬಿಸಿದ ಹೋತ ನಿಮ್ಮ ಹಿಂಡಿಗೆ ಬಂದ ಮೊದಲ ತಿಂಗಳಲ್ಲೇ ಇಳಿದುಹೋಗುತ್ತೆ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಕೊಂಬು ಇರೋ ಹೋತವನ್ನೇ ಇಟ್ಟುಕೊಳ್ಳಿ. ಹುಟ್ಟಾ ಬೋಳು ಹೋತವನ್ನ ಹುಟ್ಟಾ ಬೋಳು ಮೇಕೆಗೆ ಬಿಟ್ರೆ, ಹುಟ್ಟೋ ಹೆಣ್ಣು ಮರಿಗಳಲ್ಲಿ ಕೆಲವು ಅರ್ಧ ಗಂಡು ಅರ್ಧ ಹೆಣ್ಣಾಗಿ ಹುಟ್ಟುತ್ತವೆ, ಗಬ್ಬ ಕಟ್ಟಲ್ಲ. ಒಂದು ಕಡೆ ಕೊಂಬು ಇದ್ರೆ ಈ ತೊಂದರೆ ಇರಲ್ಲ.

ಎರಡು ವರ್ಷಕ್ಕೆ ಹೋತ ಬದಲಾಯಿಸಿ. ಅವನ ಮಗಳು ಬೆದೆಗೆ ಬರೋ ಹೊತ್ತಿಗೆ ಅವನು ಹಿಂಡಲ್ಲಿ ಇರಬಾರದು. ಅಪ್ಪ ಮಗಳು ಕೂಡಿದ್ರೆ ಸಣ್ಣ ಮರಿ, ಸಾಯೋ ಮರಿ, ಗಬ್ಬ ನಿಲ್ಲದ ಮೇಕೆ ಹೆಚ್ಚಾಗುತ್ತವೆ. ಮಾರಲೇಬೇಕು ಅಂತಿಲ್ಲ. ಗುಬ್ಬಿ ಕಡೆಯ ಒಳ್ಳೇ ಹೋತ ಕುಣಿಗಲ್‌ಗೆ, ಅಲ್ಲಿಯದು ಇಲ್ಲಿಗೆ ಅದಲು ಬದಲು ಮಾಡಿದ್ರೆ ಇಬ್ಬರಿಗೂ ಹೊಸ ರಕ್ತ ಸಿಕ್ಕಿತು, ಖರ್ಚೂ ಇಲ್ಲ. ಕೊಡೋಕೆ, ತರೋಕೆ ಮುಂಚೆ ರಕ್ತಪರೀಕ್ಷೆ ಮಾತ್ರ ಮಾಡಿಸಿ.

ಕ್ರಾಸ್ ಮಾಡಿದ್ರೆ ಏನು ಸಿಗುತ್ತೆ, ಎಲ್ಲಿ ಕೈ ಕೊಡುತ್ತೆ

ಬೇರೆ ಬೇರೆ ತಳಿಯ ಅಪ್ಪ ಅಮ್ಮನಿಗೆ ಹುಟ್ಟಿದ ಮೊದಲ ತಲೆಮಾರಿನ ಮರಿಯಲ್ಲಿ ಒಂದು ಹೆಚ್ಚಿನ ಹುರುಪು ಇರುತ್ತೆ. ಬೇಗ ಬೆಳೆಯುತ್ತೆ, ಬದುಕೋ ಶಕ್ತಿಯೂ ಹೆಚ್ಚು. ಹೈಬ್ರಿಡ್ ಜೋಳದಲ್ಲಿ ನೋಡಿದೀರಲ್ಲ, ಅದೇ. ಹೈಬ್ರಿಡ್ ಜೋಳದ ಕಾಳನ್ನೇ ಮತ್ತೆ ಬಿತ್ತಿದ್ರೆ ಏನಾಗುತ್ತೆ? ಇಲ್ಲೂ ಹಾಗೇ. ಕ್ರಾಸ್ ಹೆಣ್ಣಿಗೆ ಕ್ರಾಸ್ ಹೋತವನ್ನೇ ಬಿಟ್ರೆ ಆ ಹೆಚ್ಚಿನ ಹುರುಪು ಅರ್ಧಕ್ಕೆ ಇಳಿಯುತ್ತೆ. ಮರಿಗಳು ಒಂದೊಂದು ಒಂದೊಂದು ಥರ ಬರ್ತವೆ. ಕ್ರಾಸ್ ಹೆಣ್ಣನ್ನ ಮತ್ತೆ ಶುದ್ಧ ಬೋಯರ್‌ಗೆ ಬಿಟ್ಟು 75 ಮಾಡಿದ್ರೂ ಹುರುಪು ಅರ್ಧವೇ. ಜೊತೆಗೆ ನಮ್ಮ ನೆಲಕ್ಕೆ ಒಗ್ಗಿದ ರಕ್ತ ಕಾಲು ಭಾಗಕ್ಕೆ ಬಂತು. ನಾನು ಬಿದ್ದಿದ್ದು ಇದೇ ಗುಂಡಿಗೆ.

"50", "75" ಅಂತ ಮಾರೋರು ಬಾಯಲ್ಲಿ ಹೇಳೋ ಲೆಕ್ಕ. ಅಪ್ಪ ಅಮ್ಮ ಯಾವುದು ಅಂತ ಬರೆದಿಟ್ಟ ದಾಖಲೆ ಇಲ್ಲದಿದ್ರೆ ಕಂದು ತಲೆ ನೋಡಿ ದುಡ್ಡು ಕೊಡಬೇಡಿ. ತಲೆಯ ಬಣ್ಣ ಸುಲಭವಾಗಿ ಬರುತ್ತೆ, ಮಾಂಸ ಬರಲ್ಲ.

ಹೊರಗಿನ ತಳಿಗಳು, ಮೇಯಿಸೋರ ಕಣ್ಣಲ್ಲಿ

- ಉಸ್ಮಾನಾಬಾದಿ. ಮಹಾರಾಷ್ಟ್ರದ ಒಣ ಸೀಮೆಯದು, ಹೆಚ್ಚಾಗಿ ಕಪ್ಪು, ಅವಳಿ ಜಾಸ್ತಿ. ಮೇಯೋಕೆ ಒಗ್ಗುತ್ತೆ. ಹರಕೆಗೆ ಕಪ್ಪು ಮರಿ ಕೇಳೋರೂ ಇದಾರೆ. ಹೊಸಬರು ಕ್ರಾಸ್ ಮಾಡೋದಾದ್ರೆ ಇಲ್ಲಿಂದ ಶುರು ಮಾಡಿ.
- ಸಿರೋಹಿ. ರಾಜಸ್ಥಾನದ್ದು, ಕಂದು ಮೈಯಲ್ಲಿ ಮಚ್ಚೆ. ಬಿಸಿಲು ತಡೆಯುತ್ತೆ, ಮೈ ದೊಡ್ಡದು. ಮಾರಾಟದ ಮರಿಗೆ ಒಳ್ಳೇ ಅಪ್ಪ.
- ಜಮುನಾಪಾರಿ, ಬೀಟಲ್. ಎತ್ತರ, ಉದ್ದ ಕಿವಿ, ಚೆಂದ. ಹಾಲೂ ಇದೆ. ಆದರೆ ಮೇವು ಜಾಸ್ತಿ ಬೇಕು, ಬರೀ ಗೋಮಾಳದಲ್ಲಿ ಸೊರಗುತ್ತವೆ.
- ಬಾರ್ಬರಿ. ಸಣ್ಣ ಮೈ, ಬೇಗ ಬೆದೆಗೆ ಬರುತ್ತೆ, ಅವಳಿ ಹಾಕುತ್ತೆ. ಕಟ್ಟಿ ಸಾಕೋರಿಗೆ ಸರಿ.
- ತಲಶ್ಶೇರಿ ಅಥವಾ ಮಲಬಾರಿ. ಕೇರಳದ್ದು, ಮರಿ ಸಂಖ್ಯೆ ಹೆಚ್ಚು. ಮನೆ ಹಿತ್ತಲಲ್ಲಿ ನಾಲ್ಕೈದು ಸಾಕೋರಿಗೆ ಚೆಂದ.
- ಬೋಯರ್. ದಕ್ಷಿಣ ಆಫ್ರಿಕಾದ ರೈತರು ಮಾಂಸಕ್ಕಾಗಿಯೇ ಆರಿಸಿ ಬೆಳೆಸಿದ ತಳಿ, ಬಿಳಿ ಮೈ, ಕಂದು ತಲೆ. ತಿನ್ನಿಸಿದ್ರೆ ಬೆಳವಣಿಗೆಯಲ್ಲಿ ಇದಕ್ಕೆ ಸಾಟಿ ಇಲ್ಲ. ತಿನ್ನಿಸೋಕೆ ಮೇವು, ಹಿಂಡಿ, ಒಣ ಅಟ್ಟಣೆ ಇರೋರಿಗೆ ಮಾತ್ರ.

20 ಮೇಕೆಯ ಹಿಂಡಿಗೆ ಒಂದು ಯೋಜನೆ

20 ಮೇಕೆಯಲ್ಲಿ ಒಳ್ಳೇ 12 ಆರಿಸಿ. ಇವಕ್ಕೆ ಒಳ್ಳೇ ನಂದಿದುರ್ಗ ಹೋತವನ್ನೇ ಬಿಡಿ. ಇವುಗಳ ಹೆಣ್ಣು ಮರಿಯಲ್ಲಿ ವರ್ಷಕ್ಕೆ ನಾಲ್ಕನ್ನ ಹಿಂಡಿಗೆ ಉಳಿಸಿ, ಮುದಿಯಾದ, ಕೆಚ್ಚಲು ಕೆಟ್ಟ ನಾಲ್ಕನ್ನ ಮಾರಿ. ಉಳಿದ 8 ಮೇಕೆಗೆ ಉಸ್ಮಾನಾಬಾದಿ ಅಥವಾ ಸಿರೋಹಿ ಹೋತ ಬಿಡಿ. ಆ ಮರಿ ಗಂಡಾಗಲಿ ಹೆಣ್ಣಾಗಲಿ, ಎಷ್ಟೇ ಚೆಂದ ಇರಲಿ, ಎಲ್ಲವೂ ಮಾರಾಟಕ್ಕೆ. ಈ ಒಂದು ನಿಯಮ ಮುರಿದ್ರೆ ಯೋಜನೆಯೇ ಮುರಿಯಿತು. ಎರಡನೇ ಹೋತಕ್ಕೆ ದುಡ್ಡು ಸಾಲದಿದ್ರೆ ಊರಿನ ಇಬ್ಬರು ಮೂವರು ಸೇರಿ ಒಂದು ತನ್ನಿ.

ಮೊದಲ ಸೂಲಿನ ಮೇಕೆಗೆ ದೊಡ್ಡ ತಳಿಯ ಹೋತ ಬಿಡಲೇಬೇಡಿ. ಮರಿ ದಪ್ಪ ಆಗಿ ಈಯೋವಾಗ ಸಿಕ್ಕಿಕೊಳ್ಳುತ್ತೆ, ಎರಡು ಜೀವವೂ ಹೋಗಬಹುದು.

ಮೇಯಿಸೋ ಜಾಗದಲ್ಲಿ ಇನ್ನೊಂದು ತಾಪತ್ರಯ ಇದೆ. ಕೆರೆ ಅಂಗಳದಲ್ಲಿ ಮೂರು ಹಿಂಡು ಸೇರ್ತವೆ, ಯಾರದೋ ಹೋತ ಯಾರದೋ ಮೇಕೆ ಹತ್ತುತ್ತೆ. ಅದಕ್ಕೆ ನಿಮ್ಮ ಹೋತಮರಿಗಳನ್ನ ಮೂರು ತಿಂಗಳಿಗೇ ಹೆಣ್ಣು ಮರಿಯಿಂದ ಬೇರೆ ಮಾಡಿ. ನಾಲ್ಕು ತಿಂಗಳ ಹೋತಮರಿಯೂ ಗಬ್ಬ ಕಟ್ಟಿಸಬಲ್ಲದು. ಬೀಜಕ್ಕೆ ಬೇಡದ ಮರಿಗೆ ಪಶು ಆಸ್ಪತ್ರೆಯಲ್ಲಿ ಬೀಜ ಒಡೆಸಿ. ಬೆದೆಗೆ ಬಂದ ಮೇಕೆಯನ್ನ ಆ ಎರಡು ದಿನ ಮನೆಯಲ್ಲೇ ಕಟ್ಟಿ, ನಿಮಗೆ ಬೇಕಾದ ಹೋತಕ್ಕೇ ಬಿಡಿ. ಬೆದೆ ಒಂದು, ಒಂದೂವರೆ ದಿನ ಇರುತ್ತೆ, ಗಬ್ಬ ನಿಲ್ಲದಿದ್ರೆ 18ರಿಂದ 21 ದಿನಕ್ಕೆ ಮತ್ತೆ ಬರುತ್ತೆ.

ಯಾವ ತಿಂಗಳು ಹೋತ ಬಿಡಬೇಕು?

ಮೇಕೆಗೆ ಗಬ್ಬ ಸುಮಾರು 150 ದಿನ. ಮುಂಗಾರಿನಲ್ಲಿ ಚಿಗುರು ತಿಂದು ಮೈ ಹಿಡಿಯೋ ಜೂನ್ ಜುಲೈನಲ್ಲಿ ಹೋತ ಬಿಟ್ರೆ ನವೆಂಬರ್ ಡಿಸೆಂಬರ್‌ನಲ್ಲಿ ಈಯ್ತವೆ. ಜಡಿಮಳೆ ಮುಗಿದಿರುತ್ತೆ, ಬದು ಮೇಲೆ ಹಸಿರು ಇರುತ್ತೆ, ಅವರೆ, ಹುರುಳಿ ಹೊಟ್ಟು ಮನೆಗೆ ಬರುತ್ತೆ. ತಾಯಿಗೆ ಹಾಲು ಇಳಿಯುತ್ತೆ. ಸೆಪ್ಟೆಂಬರ್ ಅಕ್ಟೋಬರ್ ಮಳೆಯಲ್ಲಿ ಹುಟ್ಟಿದ ಮರಿಗೆ ಶೀತ, ಭೇದಿ. ಏಪ್ರಿಲ್‌ನಲ್ಲಿ ಹುಟ್ಟಿದ್ದಕ್ಕೆ ಹಾಲೇ ಇಲ್ಲ. ಎರಡು ವರ್ಷಕ್ಕೆ ಮೂರು ಸೂಲು ತೆಗೆಯೋದಾದ್ರೆ ಒಂದು ಸೂಲು ಕೆಟ್ಟ ಕಾಲಕ್ಕೆ ಬರುತ್ತೆ. ಅದಕ್ಕೆ ಒಣ ಜಾಗ, ಕೈಮೇವು ಮೊದಲೇ ರೆಡಿ ಇರಲಿ.

ಮಳೆಗಾಲದಲ್ಲಿ ಬೆಳಗ್ಗೆ ಇಬ್ಬನಿ ಆರೋ ತನಕ ಹಿಂಡು ಬಿಡಬೇಡಿ. ಒದ್ದೆ ಹುಲ್ಲಿನ ತುದಿಯಲ್ಲೇ ಹುಳದ ಮರಿ ಇರುತ್ತೆ. ಕುಣಿಗಲ್ ಕಡೆ ಕೆರೆ ಕೆಳಗಿನ ಗದ್ದೆ ಬದುವಿನಲ್ಲಿ ಮೇಯಿಸೋರು ಇನ್ನೂ ಹುಷಾರಾಗಿರಿ. ನೀರಿನ ಬಸವನಹುಳು ಇರೋ ಜಾಗದಲ್ಲಿ ಪಿತ್ತಜನಕಾಂಗ ತಿನ್ನೋ ಚಪ್ಪಟೆ ಹುಳು ಬರುತ್ತೆ, ಅದಕ್ಕೆ ಮಾಮೂಲಿ ಹುಳದ ಔಷಧಿ ಸಾಕಾಗಲ್ಲ. ಹಿಕ್ಕೆ ಪರೀಕ್ಷೆ ಮಾಡಿಸಿ ಔಷಧಿ ಕೊಡಿ.

ಮಾರಾಟವೂ ಕಾಲ ನೋಡಿಯೇ. ಯುಗಾದಿ ಮಾರನೇ ದಿನದ ಹೊಸತೊಡಕು, ಪಿತೃಪಕ್ಷ, ಊರ ಜಾತ್ರೆ, ಬಕ್ರೀದ್ ನಮ್ಮ ಕಡೆ ರೇಟು ಬರೋ ದಿನಗಳು. ಬಕ್ರೀದ್‌ಗೆ ಒಂದು ವರ್ಷ ತುಂಬಿದ, ಊನ ಇಲ್ಲದ ಹೋತ ಬೇಕು. ಆ ಹಬ್ಬ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಬರುತ್ತೆ, ಅದನ್ನ ನೋಡಿಕೊಂಡು ಮರಿ ಉಳಿಸಿ. ತುಮಕೂರಿನ ಮಟನ್ ಅಂಗಡಿಯವರು ಸಾಮಾನ್ಯವಾಗಿ ಕಣ್ಣಂದಾಜಲ್ಲೇ ಕೇಳ್ತಾರೆ. ನೀವು ತೂಗಿಟ್ಟುಕೊಂಡು ಮಾತಾಡಿ. 20 ಕೆಜಿ ಮರಿಯಲ್ಲಿ 9ರಿಂದ 10 ಕೆಜಿ ಮಾಂಸ ಸಿಗುತ್ತೆ ಅನ್ನೋದು ಅವರಿಗೆ ಗೊತ್ತು, ನಿಮಗೂ ಗೊತ್ತಿರಲಿ.

ತಕ್ಕಡಿ ಇಲ್ವಾ? ಟೇಪಿನಲ್ಲಿ ಮುಂಗಾಲಿನ ಹಿಂದೆ ಎದೆ ಸುತ್ತಳತೆ, ಭುಜದ ತುದಿಯಿಂದ ಬಾಲದ ಬುಡದ ಪಕ್ಕದ ಮೂಳೆವರೆಗೆ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆ × ಸುತ್ತಳತೆ × ಉದ್ದ ÷ 660 ಮಾಡಿದ್ರೆ ಅಂದಾಜು ಕೆಜಿ. ಸುತ್ತಳತೆ 26, ಉದ್ದ 22 ಇದ್ರೆ 22.5 ಕೆಜಿ.

ಮೊಬೈಲೇ ನಿಮ್ಮ ರಿಜಿಸ್ಟರ್

ಪ್ರತಿ ಮೇಕೆಗೆ ಕಿವಿ ಓಲೆ ಹಾಕಿಸಿ, ನಂಬರ್ ಕಾಣೋ ಹಾಗೆ ಫೋಟೋ ತೆಗೆದಿಡಿ. ಈದ ದಿನ, ತಾಯಿ ನಂಬರ್, ಯಾವ ಹೋತ, ಮರಿ ಎಷ್ಟು, ಮೂರು ತಿಂಗಳ ತೂಕ, ಆರು ತಿಂಗಳ ತೂಕ, ಹುಳದ ಔಷಧಿ ಕೊಟ್ಟ ದಿನ, ಸತ್ತರೆ ಕಾರಣ. ಇಷ್ಟೇ. ಒಂದು ವರ್ಷ ಬರೆದ್ರೆ ಯಾವ ಮೇಕೆ ನಿಮ್ಮನ್ನ ಸಾಕ್ತಿದೆ, ಯಾವುದನ್ನ ನೀವು ಸುಮ್ಮನೆ ಸಾಕ್ತಿದೀರ ಅಂತ ತಾನಾಗೇ ಕಾಣುತ್ತೆ.

ಇನ್ನು ಸಬ್ಸಿಡಿ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 100 ಹೆಣ್ಣು, 5 ಹೋತದ ಘಟಕಕ್ಕೆ 50 ಪರ್ಸೆಂಟ್, ಗರಿಷ್ಠ 10 ಲಕ್ಷದವರೆಗೆ ಸಹಾಯಧನ ಇದೆ. ಆದರೆ ಮೇಯಿಸೋ ಅನುಭವ ಇಲ್ಲದೆ ಒಂದೇ ಸಲ 105 ಪ್ರಾಣಿ ಹೊರಗಿಂದ ತಂದು ಕೈಸುಟ್ಟುಕೊಳ್ಳಬೇಡಿ. 20ರಲ್ಲಿ ಎರಡು ವರ್ಷ ಕಲಿತು ಆಮೇಲೆ ಅರ್ಜಿ ಹಾಕಿ. ತರಬೇತಿ, ಸಲಹೆಗೆ ತುಮಕೂರಿನವರು ಹಿರೇಹಳ್ಳಿ, ತಿಪಟೂರು ಕಡೆಯವರು ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ತುರ್ತಿಗೆ ಪಶು ಸಂಜೀವಿನಿ 1962.

ನೆನಪಿಡಿ

- ಬೇಸಿಗೆಯ ಮೇವು ಎಷ್ಟಿದೆಯೋ ಅಷ್ಟೇ ಹಿಂಡು.
- ತಾಯಿ ನಮ್ಮ ನೆಲದ್ದು, ಹೋತ ಆರಿಸಿದ್ದು.
- ಕ್ರಾಸ್ ಮರಿ ಎಲ್ಲವೂ ಮಾರಾಟಕ್ಕೆ, ಕ್ರಾಸ್ ಹೋತ ಬೀಜಕ್ಕೆ ಬೇಡ.
- ಒಂದು ಮರಿಯ ತೂಕ ಅಲ್ಲ, ಒಂದು ಮೇಕೆಯ ವರ್ಷದ ಕೆಜಿ ನೋಡಿ.

ಇದನ್ನೆಲ್ಲ ಫೋನಲ್ಲಿ ಹೇಳಿದಾಗ ನಮ್ಮ ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಡ್ವಾನ್ಸ್ ಐದು ಸಾವಿರ ಕೊಟ್ಟುಬಿಟ್ಟಿದೀನಿ ಭಾವ" ಅಂದ. "ಐದಕ್ಕೇ ಪಾಠ ಮುಗೀತು ಅನ್ಕೋ ಕಣೋ, ನನಗೆ ಇನ್ನೂ ದುಬಾರಿ ಬಿತ್ತು" ಅಂದೆ. ಈ ಭಾನುವಾರ ಸಂಜೆ ನಮ್ಮೂರ ಪಕ್ಕದ ಒಂದು ಹಟ್ಟಿಗೆ ಇಬ್ಬರೂ ಹೋಗ್ತಿದೀವಿ, ಹಿಂಡು ವಾಪಸ್ ಬರೋ ಹೊತ್ತಿಗೆ ಸರಿಯಾಗಿ. ಬರುವಾಗ ಅಳತೆ ಟೇಪು ಮರೀಬೇಡ ಅಂತ ಹೇಳಿದೀನಿ.